ಬೆರಳು ತೋರದ ಮಗು

ಹುಣ್ಣಿಮೆಯ ಸಂಜೆ ತಾಯಿಯೊಬ್ಬಳು ಒಂದೂಕಾಲು ವರ್ಷದ ಕೂಸನ್ನು ಸೊಂಟದ ಮೇಲಿರಿಸಿಕೊಂಡು ಅಂಗಳದಲ್ಲಿ ನಿಂತಿದ್ದಾಳೆನ್ನಿ. ಕೂಸು ಆಕಾಶದತ್ತ ತೋರುಬೆರಳು ಚಾಚಿ ‘ಆ! ಆ!’ ಎನ್ನುತ್ತದೆ, ಒಡನೆಯೇ ಹೊರಳಿ ತಾಯಿಯ ಮುಖ ನೋಡುತ್ತದೆ, ಅವಳ ಕಣ್ಣೂ ಚಂದ್ರನ ಕಡೆಗೆ ಹೋಯಿತೆಂದು ಕಂಡ ಮೇಲೆ ಮತ್ತೆ ಆಕಾಶದತ್ತ ತಿರುಗುತ್ತದೆ. ಇಷ್ಟೆಲ್ಲ ನಡೆದು ಮುಗಿಯಲು ಎರಡು ಮೂರು ಸೆಕೆಂಡುಗಳು ಸಾಕು. ನಮ್ಮ ಮನೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ನೋಟ ಇನ್ನೊಂದಿರಲಾರದು. ಆದರೆ ಮಕ್ಕಳ ಬೆಳವಣಿಗೆಯನ್ನು ಅಭ್ಯಸಿಸುವವರ ಕಣ್ಣಿಗೆ ಅದು ಸಣ್ಣ ಸಂಗತಿಯಲ್ಲ. ಚಂದ್ರ, ಕೂಸು, ತಾಯಿ ಎಂಬ ಮೂರು ಬಿಂದುಗಳ ನಡುವೆ ಕೂಸು ತಾನೇ ಒಂದು ತ್ರಿಕೋನವನ್ನು ರಚಿಸಿದೆ. ‘ನಾನು ಕಂಡದ್ದನ್ನು ನೀನೂ ಕಾಣು’ ಎಂದು ಅದು ಮಾತು ಬರುವುದಕ್ಕೆ ಮೊದಲೇ ಹೇಳಿಬಿಟ್ಟಿದೆ.

ಬೆರಳು ತೋರುವುದರಲ್ಲಿ ಎರಡು ಬಗೆಯುಂಟು. ಗೂಡಿನಲ್ಲಿರುವ ಬಿಸ್ಕತ್ತು ಬೇಕೆಂದು ತೋರುವುದು ಒಂದು, ಅದು ಬೇಡಿಕೆ. ಹಾರುವ ಹಕ್ಕಿಯನ್ನೋ ರಸ್ತೆಯ ಎತ್ತನ್ನೋ ಸುಮ್ಮನೆ ತೋರುವುದು ಇನ್ನೊಂದು. ಅದರಿಂದ ಕೂಸಿಗೆ ದೊರೆಯುವ ಲಾಭವೆಂದರೆ ಜೊತೆಗೊಬ್ಬರು ನೋಡಿದರೆಂಬ ಸಂತೋಷ ಮಾತ್ರ. (ಚಂದ್ರನನ್ನೇ ತಂದುಕೊಡೆಂದು ಹಟಹಿಡಿದ ಬಾಲರಾಮನ ಮಾತು ಬೇರೆ, ಅವನದು ಬೇಡಿಕೆಯ ವರ್ಗಕ್ಕೇ ಸೇರಬೇಕು.) ಈ ಎರಡನೆಯ ಬಗೆಯ ತೋರುವಿಕೆ ಸಾಮಾನ್ಯವಾಗಿ ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ ಕಾಣಿಸಿಕೊಂಡು ಹದಿನೆಂಟು ತಿಂಗಳ ಹೊತ್ತಿಗೆ ನೆಲೆಗೊಂಡಿರುತ್ತದೆ. ಕೆಲವು ಮಕ್ಕಳಲ್ಲಿ ಅದು ಬರುವುದೇ ಇಲ್ಲ. ಅಂಥ ಮಗು ಬಿಸ್ಕತ್ತು ಬೇಕಾದಾಗ ತಾಯಿಯ ಮುಂಗೈ ಹಿಡಿದು ಡಬ್ಬಿಯ ಬಳಿಗೆ ಎಳೆದೊಯ್ಯುತ್ತದೆ. ಅವಳ ಮುಖವನ್ನು ನೋಡದೆ, ಅವಳ ಕೈಯನ್ನು ಇಕ್ಕಳದಂತೆ ಡಬ್ಬಿಯ ಮುಚ್ಚಳದ ಮೇಲಿಡುತ್ತದೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬಂಡಿಯಾಟಿಕೆಯನ್ನು ಓಡಿಸುವುದಕ್ಕೆ ಬದಲಾಗಿ ಬುಡಮೇಲು ಮಾಡಿ ಅದರ ಗಾಲಿಯನ್ನು ಗಂಟೆಗಟ್ಟಲೆ ತಿರುಗಿಸುತ್ತ ಕೂಡುತ್ತದೆ. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ಏನನ್ನೂ ಸಾಧಿಸುವುದಿಲ್ಲ. ಹಲವು ಒಟ್ಟಿಗೆ ಕಂಡುಬಂದರೆ ಮಾತ್ರ ಆಟಿಸಂ ಇರಬಹುದೆ ಎಂದು ಪರೀಕ್ಷಿಸಿ ನೋಡುವುದು ಅಗತ್ಯವಾಗುತ್ತದೆ.

ಆಟಿಸಂ ಎಂಬುದು ಸೋಂಕಿನಂತೆ ತಗಲುವ ರೋಗವಲ್ಲ. ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ಒಂದು ಭಿನ್ನತೆ. ಸ್ವಿಟ್ಸರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ತಾನು’ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರನ್ನು ಕಟ್ಟಿದಾಗ ಅವನ ಮನಸ್ಸಿನಲ್ಲಿದ್ದುದು ಬೇರೊಂದು ಕಾಯಿಲೆ. ಕನ್ನಡದಲ್ಲಿ ಇದನ್ನು ‘ಸ್ವಲೀನತೆ’ ಎನ್ನುವವರಿದ್ದಾರೆ. ಪದ ಚೆನ್ನಾಗಿದೆ, ಆದರೆ ಮಗು ತನ್ನಲ್ಲಿಯೇ ಮುಳುಗಿ ಸುಖವಾಗಿದೆಯೆಂಬ ತಪ್ಪು ಭಾವನೆಯನ್ನು ಅದು ಹುಟ್ಟಿಸೀತೆಂದು ನನಗೆ ಅಳುಕು. ೨೦೨೧ರಲ್ಲಿ ಜಗತ್ತಿನ ಸುಮಾರು ೧೨೭ ಜನರಲ್ಲಿ ಒಬ್ಬರು ಆಟಿಸಂ ಉಳ್ಳವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಲೆಕ್ಕದಲ್ಲಿ, ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿನ ಮನೆಮನೆಗಳನ್ನು ಹೊಕ್ಕು ನೋಡಿದರೆ ತಮ್ಮನೋ ತಂಗಿಯೋ ಅಕ್ಕನ ಮಗುವೋ ಹೀಗಿರುವ ಮನೆಗಳು ಹಲವಾರು ಸಿಕ್ಕಾವು. ಈ ಲೇಖನವನ್ನು ವಿದ್ಯಾರ್ಥಿಗಳಿಗಾಗಿಯೇ ಬರೆಯುತ್ತಿರುವುದು ಆ ಕಾರಣದಿಂದ. ಕೂಸಿನೊಡನೆ ನೆಲದ ಮೇಲೆ ಕುಳಿತು ಆಡುವವರು ಮನೆಯಲ್ಲಿ ಹೆಚ್ಚಾಗಿ ನೀವೇ ಅಲ್ಲವೆ?

ಭೌತವಿಜ್ಞಾನದ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಮೊದಲು ಬೆರಗು ಹುಟ್ಟಿಸುವ ಸಂಗತಿಯೆಂದರೆ ಇಲ್ಲಿ ಮಾಪಕವೇ ಇಲ್ಲದಿರುವುದು. ಜ್ವರಕ್ಕೆ ಉಷ್ಣಮಾಪಕವುಂಟು, ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆಯುಂಟು, ಮುರಿದ ಮೂಳೆಗೆ ಕ್ಷ-ಕಿರಣವುಂಟು. ಆಟಿಸಂ ಇದೆಯೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸಬಲ್ಲ ರಕ್ತಪರೀಕ್ಷೆಯಿಲ್ಲ; ಮಿದುಳಿನ ಚಿತ್ರ ತೆಗೆದರೂ ತಿಳಿಯದು. ವಂಶವಾಹಿಗಳ ಪರೀಕ್ಷೆಯಿಂದ ಕೆಲವು ಮಕ್ಕಳಲ್ಲಿ ಕಾರಣವೊಂದು ಗೊತ್ತಾಗಬಹುದು, ಅಷ್ಟೆ. ಇಲ್ಲಿ ಅಳೆಯಬೇಕಾದದ್ದು ಮಗುವಿನ ನಡವಳಿಕೆಯನ್ನು. ಅಳೆಯುವ ಉಪಕರಣವೋ ಇನ್ನೊಬ್ಬ ಮನುಷ್ಯನ ಕಣ್ಣು.

ಕಣ್ಣು ಎಡವುವುದುಂಟು. ನನ್ನ ಸಹೋದ್ಯೋಗಿ ಮಿತ್ರರೊಬ್ಬರ ಮಗಳು ಹದಿನಾಲ್ಕನೆಯ ತಿಂಗಳಲ್ಲಿ ಅಮ್ಮ, ಅತ್ತ, ಕಾಕಾ ಎಂದು ಹತ್ತು ಮಾತುಗಳನ್ನಾಡುತ್ತಿದ್ದವಳು ಇಪ್ಪತ್ತೆರಡನೆಯ ತಿಂಗಳ ಹೊತ್ತಿಗೆ ಅವೆಲ್ಲವನ್ನೂ ಬಿಟ್ಟಿದ್ದಳು. “ಇವಳಪ್ಪನೂ ಮೂರು ತುಂಬುವ ತನಕ ಬಾಯಿ ಬಿಟ್ಟವನಲ್ಲ, ಸುಮ್ಮನಿರ್ರಪ್ಪ” ಎಂದರು ಅಜ್ಜಿ. ನೆರೆಮನೆಯವರು ನಾಲಗೆಗೆ ಬಜೆ ತೇಯ್ದು ಹಚ್ಚಲು ಹೇಳಿದರು. ಊರಿನ ವೈದ್ಯರೊಬ್ಬರು ಮಗುವಿನ ಎದೆಗೆ ಕೊಳವೆಯಿಟ್ಟು, ತೂಕ ನೋಡಿ, ಮೂರು ವರ್ಷವಾಗಲಿ ನೋಡೋಣವೆಂದು ಕಳುಹಿಸಿದರು. ಮಿತ್ರರು ಸ್ಟಾಫ್ ರೂಮಿನಲ್ಲಿ ನನ್ನ ಮುಂದೆ ಕುಳಿತು ಹೇಳಿದ ಮಾತು ಇನ್ನೂ ನೆನಪಿದೆ: “ಒಂದು ರೀಡಿಂಗ್ ಸಾಲದು ಅಂತ ಹುಡುಗರಿಗೆ ದಿನಾ ಹೇಳ್ತೀವಲ್ಲ ಸಾರ್. ಅವರು ನನ್ನ ಮಗಳನ್ನ ನೋಡಿದ್ದು ಐದು ನಿಮಿಷ.” ಆ ಸಂಜೆಯೇ ಅವರು ಒಂದು ಪ್ರಯೋಗದ ಪುಸ್ತಕವನ್ನು ಮನೆಗೊಯ್ದರು. ಟೆಲಿವಿಷನ್ ಆರಿಸಿ, ಮಗುವಿನ ಹಿಂದೆ ನಿಂತು, ದಿನಕ್ಕೆ ಹತ್ತು ಸಲ ಹೆಸರು ಕರೆಯುವುದು. ಎಷ್ಟು ಸಲ ತಿರುಗಿದಳೆಂದು ಬರೆಯುವುದು. ಅದೇ ಜಾಗದಿಂದ ಬಿಸ್ಕತ್ತಿನ ಕಾಗದವನ್ನು ಸರಸರ ಅನ್ನಿಸುವುದು; ಅದನ್ನೂ ಬರೆಯುವುದು. ಎರಡು ವಾರದ ಕೊನೆಗೆ ಕಾಗದದ ಸದ್ದಿಗೆ ಮಗು ಹತ್ತರಲ್ಲಿ ಒಂಬತ್ತು ಸಲ ತಿರುಗಿದ್ದಳು. ಹೆಸರಿಗೆ ಒಂದು ಸಲವೋ ಎರಡು ಸಲವೋ. ಮುಂದೆ ತಜ್ಞರ ಬಳಿಗೆ ಹೋದಾಗ ಅವರು ಆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದರಂತೆ. ಬಂದ ಮಾತು ಹೊರಟುಹೋದರೆ ಯಾವ ವಯಸ್ಸಿನಲ್ಲಾದರೂ ಕಾಯಕೂಡದು ಎಂಬುದು ಇಂದು ಎಲ್ಲ ತಜ್ಞರೂ ಒಪ್ಪುವ ಮಾತು.

ಇಂಥ ಪರೀಕ್ಷೆಯ ಇತಿಹಾಸ ಆರಂಭವಾಗುವುದೇ ಒಬ್ಬ ತಂದೆಯ ಬರಹದಿಂದ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು ೧೯೩೮ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್‌ಗೆ ೩೩ ಪುಟಗಳ ಪತ್ರವನ್ನು ಬೆರಳಚ್ಚು ಮಾಡಿಸಿ ಕಳುಹಿಸಿದರು. ಅವರ ಮಗ ಡೊನಾಲ್ಡ್ ಟ್ರಿಪ್ಲೆಟ್‌ಗೆ ಆಗ ಐದು ವರ್ಷ. ಅವನು ಏನನ್ನು ತಿನ್ನುತ್ತಾನೆ, ಯಾವ ಮಾತನ್ನು ಹಾಗೆಯೇ ಮರುನುಡಿಯುತ್ತಾನೆ, ದುಂಡಗಿನ ವಸ್ತುಗಳನ್ನು ಹೇಗೆ ತಿರುಗಿಸುತ್ತಾನೆ, ಜನ ಬಂದರೆ ಹೇಗೆ ಗಮನಿಸದಿರುತ್ತಾನೆ ಎಂಬುದೆಲ್ಲ ಅದರಲ್ಲಿತ್ತು. ಆ ಹೊತ್ತಿಗೆ ಹುಡುಗನನ್ನು ವೈದ್ಯರ ಸಲಹೆಯ ಮೇರೆಗೆ ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಒಂದು ವರ್ಷ ಇರಿಸಿ, ತಂದೆತಾಯಿ ಹಟದಿಂದ ಮನೆಗೆ ಮರಳಿ ಕರೆತಂದಿದ್ದರು. ೧೯೪೩ರಲ್ಲಿ ಕ್ಯಾನರ್ ಎಂಟು ಮಂದಿ ಹುಡುಗರು, ಮೂವರು ಹುಡುಗಿಯರು, ಒಟ್ಟು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಮೊದಲನೆಯವನು ಈ ಡೊನಾಲ್ಡನೇ. ಅವನು ಬೆಳೆದು ಪದವಿ ಪಡೆದು ಬ್ಯಾಂಕಿನಲ್ಲಿ ಕೆಲಸಮಾಡಿ, ದೇಶದೇಶಗಳನ್ನು ಸುತ್ತಿ, ಗಾಲ್ಫ್ ಆಡಿಕೊಂಡು, ೨೦೨೩ರಲ್ಲಿ ತನ್ನ ೮೯ನೆಯ ವಯಸ್ಸಿನಲ್ಲಿ ತೀರಿಕೊಂಡ. ಎಲ್ಲರ ಬಾಳೂ ಹಾಗಾಗುವುದಿಲ್ಲ, ನಿಜ. ಊರಿನವರು ಅವನನ್ನು ತಮ್ಮವನೆಂದು ಒಪ್ಪಿಕೊಂಡಿದ್ದರೆಂಬುದನ್ನೂ ಮರೆಯಬಾರದು. (ಕ್ಯಾನರ್‌ಗಿಂತ ಮೊದಲೇ, ೧೯೨೫ರಲ್ಲಿ, ರಷ್ಯದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಮಕ್ಕಳನ್ನು ವರ್ಣಿಸಿದ್ದಳು. ಆಕೆಯ ಹೆಸರು ಬಹುಕಾಲ ಮರೆಯಾಗಿಯೇ ಇತ್ತು.)

ಜರಡಿಯೂ ತಕ್ಕಡಿಯೂ

ಇಂದು ಪರೀಕ್ಷೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಜರಡಿ, ಎರಡನೆಯದು ತಕ್ಕಡಿ. ಇವೆರಡರ ವ್ಯತ್ಯಾಸ ತಿಳಿಯದೆ ಗಾಬರಿಗೊಳ್ಳುವವರು ಅನೇಕರು.

ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ ‘ಎಂ-ಚಾಟ್’ ಎಂಬ ಪ್ರಶ್ನಾವಳಿಯಿದೆ. ಇಪ್ಪತ್ತು ಪ್ರಶ್ನೆಗಳು, ತಂದೆತಾಯಿ ಹೌದು, ಇಲ್ಲ ಎಂದಷ್ಟೇ ಉತ್ತರಿಸಬೇಕು. ಕೋಣೆಯ ಆ ಬದಿಯ ವಸ್ತುವನ್ನು ನೀವು ತೋರಿಸಿದರೆ ಮಗು ಅತ್ತ ನೋಡುವುದೆ, ಸುಳ್ಳುಸುಳ್ಳೇ ಅಡುಗೆ ಮಾಡುವ ಆಟ ಆಡುವುದೆ ಎಂಬಂಥ ಪ್ರಶ್ನೆಗಳು. ಅನುಮಾನಕ್ಕೆಡೆಗೊಡುವ ಉತ್ತರಗಳು ಎರಡರೊಳಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಮೂರರಿಂದ ಏಳರವರೆಗಿದ್ದರೆ ಆ ಪ್ರಶ್ನೆಗಳನ್ನೇ ಮತ್ತೆ ಬಿಡಿಸಿ ಕೇಳಬೇಕು. ಎಂಟು ಅಥವಾ ಹೆಚ್ಚಾದರೆ ನೇರವಾಗಿ ತಜ್ಞರ ಬಳಿಗೆ ಕಳುಹಿಸಬೇಕು. ೨೦೧೪ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ೧೬,೦೭೧ ಮಕ್ಕಳನ್ನು ಈ ಜರಡಿಗೆ ಹಾಕಿದರು. ಎರಡು ಸಲ ಜರಡಿ ಹಿಡಿದ ಮೇಲೂ ಉಳಿದ ಮಕ್ಕಳಲ್ಲಿ ಆಟಿಸಂ ಇದ್ದುದು ನೂರಕ್ಕೆ ೪೭.೫ರಷ್ಟು ಮಂದಿಗೆ. ಎಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮಟ್ಟಿಗೆ ಜರಡಿ ಸುಳ್ಳು ಹೇಳಿತೆ? ಹಾಗೂ ಅಲ್ಲ. ಉಳಿದವರಲ್ಲಿ ಬಹುಮಂದಿಗೆ ಮಾತಿನಲ್ಲೋ ಬುದ್ಧಿಯ ಬೆಳವಣಿಗೆಯಲ್ಲೋ ಬೇರೊಂದು ತೊಡಕಿತ್ತು. ನೂರಕ್ಕೆ ಸುಮಾರು ೯೫ ಮಕ್ಕಳು ಒಂದಲ್ಲ ಒಂದು ಕಾರಣಕ್ಕೆ ಗಮನಿಸಬೇಕಾದವರೇ ಆಗಿದ್ದರು. ಆದಕಾರಣ ಮೊಬೈಲಿನಲ್ಲಿ ಪ್ರಶ್ನಾವಳಿ ತುಂಬಿ, ಬಂದ ಅಂಕವನ್ನೇ ತೀರ್ಪೆಂದು ಭಾವಿಸಿ ರಾತ್ರಿಯೆಲ್ಲ ಅಳುವುದು ಸರಿಯಲ್ಲ. ಅಂಕ ಹೆಚ್ಚು ಬಂದಾಗ ಅದನ್ನು ಅಳಿಸಿಹಾಕಿ ಸುಮ್ಮನಿರುವುದಂತೂ ಇನ್ನೂ ಸರಿಯಲ್ಲ.

ತಕ್ಕಡಿಗೆ ಏರಿಸುವ ಮುನ್ನ ಕಿವಿಯನ್ನು ಪರೀಕ್ಷಿಸಲೇಬೇಕು. ಕೇಳದ ಮಗುವೂ ಕರೆದರೆ ತಿರುಗುವುದಿಲ್ಲವಷ್ಟೆ. ಹಿಂದಿನಿಂದ ತಟ್ಟೆ ಬಡಿದು ನೋಡುವ ಮನೆಯ ಪರೀಕ್ಷೆ ನಂಬಲರ್ಹವಲ್ಲ: ದೊಡ್ಡ ಸದ್ದನ್ನು ಕೇಳಬಲ್ಲ ಕಿವಿಗೆ ಮೆಲುಮಾತಿನ ವ್ಯಂಜನಗಳು ಕೇಳಿಸದಿರಬಹುದು. ಉತ್ತರ ಹೇಳಲಾರದ ಕೂಸಿನ ಕಿವಿಯನ್ನು ಅಳೆಯುವ ಉಪಾಯಗಳು ಭೌತವಿಜ್ಞಾನದ ಸೊಗಸಾದ ಅಧ್ಯಾಯವೇ ಸರಿ. ಕಿವಿ ಶಬ್ದವನ್ನು ಸ್ವೀಕರಿಸುವುದಲ್ಲದೆ ತಾನೂ ಕ್ಷೀಣವಾದ ಶಬ್ದವನ್ನು ಹೊರಡಿಸುತ್ತದೆಂದು ಲಂಡನ್ನಿನ ಡೇವಿಡ್ ಕೆಂಪ್ ೧೯೭೮ರಲ್ಲಿ ತೋರಿಸಿದ. ಒಳಗಿವಿಯ ಶಂಖದಲ್ಲಿರುವ ಕೂದಲಕಣಗಳು ಬಂದ ಕಂಪನವನ್ನು ವರ್ಧಿಸುವಾಗ ಅದರ ಒಂದಂಶ ಹಿಂದಕ್ಕೆ ಬರುತ್ತದೆ. ಕಿವಿಯ ರಂಧ್ರದಲ್ಲಿ ಪುಟ್ಟ ಧ್ವನಿಗ್ರಾಹಕವನ್ನಿಟ್ಟು ಅದನ್ನು ಹಿಡಿದರೆ ಶಂಖ ಸುಸ್ಥಿತಿಯಲ್ಲಿದೆಯೆಂದು ತಿಳಿಯಬಹುದು.

ಶಂಖದಿಂದ ಮುಂದೆ ನರದ ದಾರಿ ಹೇಗಿದೆ? ಅದಕ್ಕೆ ಬೆರಾ ಎಂಬ ಇನ್ನೊಂದು ಪರೀಕ್ಷೆ. ಮಗು ಮಲಗಿರುವಾಗ ಹಣೆಗೂ ಕಿವಿಯ ಹಿಂಬದಿಗೂ ವಿದ್ಯುದ್ವಾರಗಳನ್ನು ಅಂಟಿಸಿ ಟಿಕ್ ಟಿಕ್ ಸದ್ದನ್ನು ಕೇಳಿಸುತ್ತಾರೆ. ಮಿದುಳಿನ ಕಾಂಡ ಹತ್ತು ಮಿಲಿಸೆಕೆಂಡುಗಳೊಳಗೆ ಕೊಡುವ ಉತ್ತರ ಅರ್ಧ ಮೈಕ್ರೋವೋಲ್ಟಿನಷ್ಟು ಇರಬಹುದು. ಸುತ್ತಲಿನ ವಿದ್ಯುತ್ ಗದ್ದಲವೋ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಸಂತೆಯಲ್ಲಿ ಪಿಸುಮಾತನ್ನು ಕೇಳುವುದು ಹೇಗೆ? ಎರಡು ಸಾವಿರ ಸಲ ಸದ್ದು ಮಾಡಿ ಎರಡು ಸಾವಿರ ಉತ್ತರಗಳ ಸರಾಸರಿ ತೆಗೆಯುತ್ತಾರೆ. ಗದ್ದಲ ಒಮ್ಮೆ ಧನ, ಒಮ್ಮೆ ಋಣವಾದ್ದರಿಂದ ಸರಾಸರಿಯಲ್ಲಿ ಸಂಖ್ಯೆಯ ವರ್ಗಮೂಲಕ್ಕನುಗುಣವಾಗಿ ಕುಗ್ಗುತ್ತದೆ. ೨೦೦೦ದ ವರ್ಗಮೂಲ ಸುಮಾರು ೪೫. ಪ್ರತಿ ಸಲವೂ ಅದೇ ಗಳಿಗೆಗೆ ಬರುವ ನರದ ಉತ್ತರ ಮಾತ್ರ ಕುಗ್ಗದೆ ನಿಲ್ಲುತ್ತದೆ. ಹತ್ತು ಮೈಕ್ರೋವೋಲ್ಟಿನ ಗದ್ದಲ ಕಾಲು ಮೈಕ್ರೋವೋಲ್ಟಿಗಿಂತ ಕೆಳಗಿಳಿಯುವಾಗ ಅರ್ಧ ಮೈಕ್ರೋವೋಲ್ಟಿನ ಅಲೆ ತಲೆಯೆತ್ತುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ. ಕಾಲೇಜಿನ ಪ್ರವಾಸವನ್ನು ಅರಮನೆ, ಮೃಗಾಲಯಗಳಿಗೆ ಮುಗಿಸುವ ಅಧ್ಯಾಪಕರು ಒಮ್ಮೆ ಮಾನಸಗಂಗೋತ್ರಿಯ ಕಡೆಗೂ ಹೋಗಬಾರದೆ?

ಕಿವಿ ಸರಿಯಿದೆಯೆಂದಾದ ಮೇಲೆ ಉಳಿಯುವುದು ಮಗುವನ್ನೇ ನೋಡುವ ಕೆಲಸ. ಗರ್ಭದಿಂದ ಮೊದಲುಗೊಂಡು ಇಲ್ಲಿಯವರೆಗಿನ ಕಥೆಯನ್ನೆಲ್ಲ ತಂದೆತಾಯಿಗಳಿಂದ ಕೇಳಿಕೊಳ್ಳುತ್ತಾರೆ. ಅನಂತರ ಆಟ. ನೋಡುವವರಿಗೆ ಇದೊಂದು ಪರೀಕ್ಷೆಯೆಂದೇ ತೋರದು. ‘ಏಡಾಸ್’ ಎಂಬ ವಿಧಾನದಲ್ಲಿ ಪರೀಕ್ಷಕರು ಸೋಪಿನ ಗುಳ್ಳೆಗಳನ್ನು ಊದುತ್ತಾರೆ; ಬೆಲೂನನ್ನು ಉಬ್ಬಿಸಿ ಗಕ್ಕನೆ ನಿಲ್ಲಿಸುತ್ತಾರೆ; ಗೊಂಬೆಗೆ ಹುಟ್ಟುಹಬ್ಬ ಮಾಡುತ್ತಾರೆ; ತಿಂಡಿ ಕೊಡುತ್ತಾರೆ. ಗುಳ್ಳೆ ಒಡೆದಾಗ ಮಗು ನಕ್ಕಿತೆ ಎಂಬುದಲ್ಲ ಪ್ರಶ್ನೆ. ನಕ್ಕಾಗ ಪಕ್ಕದವರ ಮುಖ ನೋಡಿತೆ ಎಂಬುದು. ಬೆಲೂನು ನಿಂತಾಗ ‘ಇನ್ನೂ’ ಎಂಬುದನ್ನು ಕಣ್ಣಿನಿಂದ ಕೇಳಿತೋ, ಕೈಯಿಂದ ಕೇಳಿತೋ, ಕೇಳಲೇ ಇಲ್ಲವೋ? ಹೀಗೆ ಮುಕ್ಕಾಲು ಗಂಟೆ, ಒಂದು ಗಂಟೆ.

ತೀರ್ಮಾನಕ್ಕೆ ಆಧಾರವಾದ ನಿಯಮಗಳು ಬರಹದಲ್ಲಿವೆ. ಅಮೆರಿಕದ ಮನೋವೈದ್ಯ ಸಂಘದ ೨೦೧೩ರ ಕೈಪಿಡಿಯ ಪ್ರಕಾರ, ಇತರರೊಡನೆ ಕೊಡುಕೊಳೆ, ನೋಟ ಮತ್ತು ಕೈಸನ್ನೆಗಳ ಬಳಕೆ, ಸಂಬಂಧ ಬೆಳೆಸುವಿಕೆ ಈ ಮೂರರಲ್ಲಿಯೂ ತೊಡಕಿರಬೇಕು. ಚಲನೆ ಅಥವಾ ಮಾತಿನ ಪುನರಾವೃತ್ತಿ, ಮಾರ್ಪಾಟನ್ನು ಸಹಿಸದಿರುವುದು, ಒಂದೇ ವಿಷಯದಲ್ಲಿ ಮಿತಿಮೀರಿದ ಆಸಕ್ತಿ, ಸದ್ದು ಬೆಳಕು ಸ್ಪರ್ಶಗಳಿಗೆ ಅತಿಯಾದ ಅಥವಾ ತೀರ ಕಡಿಮೆಯಾದ ಪ್ರತಿಕ್ರಿಯೆ ಈ ನಾಲ್ಕರಲ್ಲಿ ಎರಡಾದರೂ ಕಾಣಬೇಕು. ನಮ್ಮ ದೇಶದಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ ಭಾರತೀಯ ಮಾಪನಪಟ್ಟಿಯೊಂದುಂಟು: ನಲವತ್ತು ಅಂಶಗಳು, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಮೊತ್ತ ೭೦ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಇಲ್ಲ. ೧೦೬ರವರೆಗೆ ಸೌಮ್ಯ, ೧೫೩ರವರೆಗೆ ಮಧ್ಯಮ, ಅದಕ್ಕೆ ಮೇಲೆ ತೀವ್ರ. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರಕ್ಕೆ ಈ ಪಟ್ಟಿ ಬೇಕಾಗುತ್ತದೆ. ೬೯ಕ್ಕೂ ೭೦ಕ್ಕೂ ನಡುವೆ ಪ್ರಕೃತಿ ಗೆರೆ ಎಳೆದಿಲ್ಲ, ಎಳೆದವರು ನಾವು. ಕಾಮನಬಿಲ್ಲಿನಲ್ಲಿ ಹಸುರು ಎಲ್ಲಿ ಮುಗಿದು ಹಳದಿ ಎಲ್ಲಿ ತೊಡಗಿತೆಂದು ಯಾರು ಹೇಳಬಲ್ಲರು? ಇಂಗ್ಲೆಂಡಿನ ಲಾರ್ನಾ ವಿಂಗ್ ಆಟಿಸಂ ಅನ್ನು ರೋಹಿತಕ್ಕೆ ಹೋಲಿಸಿದ್ದು ಬಹಳ ಸರಿಯಾಗಿದೆ.

ತಾಯಿಯ ತಪ್ಪೆ?

ಪರೀಕ್ಷೆಗೆ ಹೋಗಲು ಮನೆಯವರು ಹಿಂಜರಿಯುವುದಕ್ಕೆ ಮುಖ್ಯ ಕಾರಣ ದುಡ್ಡಲ್ಲ, ಅಪವಾದದ ಭಯ. ಈ ಭಯವನ್ನು ಬೆಳೆಸುವುದರಲ್ಲಿ ವೈದ್ಯರ ಪಾಲೂ ಇತ್ತು. ತಂದೆತಾಯಿಯ ಪ್ರೀತಿ ತಣ್ಣಗಾದುದೇ ಕಾರಣವೆಂಬ ವಾದ ಎರಡು ದಶಕಗಳ ಕಾಲ ಪಶ್ಚಿಮದಲ್ಲಿ ಮೆರೆಯಿತು. ಬೆಟಲ್‌ಹೈಮ್ ೧೯೬೭ರಲ್ಲಿ ಅದನ್ನು ಇಡೀ ಪುಸ್ತಕವಾಗಿಸಿದ. ಆಟಿಸಂ ಇದ್ದ ಮಗನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ ೧೯೬೪ರಲ್ಲಿಯೇ ಇದನ್ನು ಖಂಡಿಸಿದ್ದ. ೧೯೭೭ರಲ್ಲಿ ಫೋಲ್ಸ್ಟೀನ್ ಮತ್ತು ರಟರ್ ೨೧ ಅವಳಿ ಜೋಡಿಗಳನ್ನು ಪರೀಕ್ಷಿಸಿದರು: ಒಂದೇ ಅಂಡದಿಂದಾದ ೧೧ ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ಬೇರೆಬೇರೆ ಅಂಡಗಳಿಂದಾದ ೧೦ ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಒಂದೇ ತಾಯಿ, ಒಂದೇ ಮನೆ, ವ್ಯತ್ಯಾಸವಿದ್ದುದು ವಂಶವಾಹಿಗಳಲ್ಲಿ. ಲಸಿಕೆಯ ಮೇಲಿನ ಅಪವಾದವೂ ಹೀಗೆಯೇ ಬಿತ್ತು. ಹನ್ನೆರಡು ಮಕ್ಕಳನ್ನು ಕುರಿತ ೧೯೯೮ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ ೬,೫೭,೪೬೧ ಮಕ್ಕಳನ್ನು ಕುರಿತು ೨೦೧೯ರಲ್ಲಿ ಬಂದ ಅಧ್ಯಯನದಲ್ಲಿ ದಡಾರದ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ.

ಮೊಬೈಲಿನ ಪರದೆಯೇ ಕಾರಣವೆಂಬುದು ನಮ್ಮಲ್ಲಿ ಈಗಿನ ಹೊಸ ಮಾತು. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡವೆಂಬುದು ಒಳ್ಳೆಯ ಸಲಹೆಯೇ. ಆದರೆ ‘ಆರು ತಿಂಗಳು ಮೊಬೈಲು ಬಿಡಿಸಿ ನೋಡೋಣ, ಆಮೇಲೆ ಪರೀಕ್ಷೆ’ ಎನ್ನುವುದು ಇದ್ದ ಸಮಯವನ್ನು ಕಳೆಯುವ ದಾರಿ. ಎರಡನ್ನೂ ಅದೇ ದಿನ ಮಾಡಬಹುದಲ್ಲ! ಇನ್ನು ಆಕರಕೋಶದ ಚುಚ್ಚುಮದ್ದಿನಿಂದ ಗುಣಪಡಿಸುತ್ತೇವೆಂದು ಲಕ್ಷಗಟ್ಟಲೆ ಹಣ ಕೇಳುವವರ ವಿಷಯ: ೨೦೧೭ರ ರಾಷ್ಟ್ರೀಯ ಮಾರ್ಗದರ್ಶಿ ಸೂತ್ರಗಳಲ್ಲಿ ಆಟಿಸಂಗೆ ಅಂಥ ಚಿಕಿತ್ಸೆ ಒಪ್ಪಿತವಾದುದಲ್ಲ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಆದುದರಿಂದಲೇ ಮಗುವಿಗೆ ಮಾತು ಗೊಂದಲವಾಯಿತೆಂದು ಅಜ್ಜಿಯ ಭಾಷೆಯನ್ನು ಮನೆಯಿಂದ ಹೊರಗಟ್ಟುವವರೂ ಇದ್ದಾರೆ. ಎರಡು ಭಾಷೆಗಳಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಎಲ್ಲಿಗೆ ಹೋಗಬೇಕು? ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿಗೆ ಬರುವ ವೈದ್ಯರ ತಂಡ ಬೆಳವಣಿಗೆಯ ವಿಳಂಬವನ್ನೂ ನೋಡಬೇಕು. ಅನುಮಾನವಿದ್ದರೆ ಜಿಲ್ಲೆಯ ಡಿ.ಇ.ಐ.ಸಿ. ಎಂಬ ಕೇಂದ್ರಕ್ಕೆ ಕಳುಹಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ದೊಡ್ಡ ಸಂಸ್ಥೆಗಳಲ್ಲಿ ಸರದಿಯೂ ದೊಡ್ಡದು. ಹೋಗುವಾಗ ಮಗು ಮನೆಯಲ್ಲಿ ಆಡುವ, ಉಣ್ಣುವ, ಕರೆದಾಗ ತಿರುಗದ ಕೆಲವು ನಿಮಿಷಗಳ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಹೋದರೆ ಉಪಯೋಗವುಂಟು; ಹೊಸ ಜಾಗದಲ್ಲಿ ಮಗು ಬೇರೆಯೇ ಆಗಿ ನಡೆದುಕೊಳ್ಳಬಹುದು. ಅನುಭವವುಳ್ಳ ತಜ್ಞರು ಎರಡು ವರ್ಷದ ಹೊತ್ತಿಗೆ ಬಹುಮಟ್ಟಿಗೆ ನಂಬಬಹುದಾದ ತೀರ್ಮಾನ ಕೊಡಬಲ್ಲರು. ಹುಡುಗಿಯರ ಪಾಲಿಗೆ ಮಾತ್ರ ಈ ತೀರ್ಮಾನ ತಡವಾಗುವುದೇ ಹೆಚ್ಚು. ಅವರು ಸುಮ್ಮನೆ ಕೂತರೆ ‘ನಾಚಿಕೆಯ ಹುಡುಗಿ’ ಎಂದು ಜನ ಮೆಚ್ಚಿಬಿಡುತ್ತಾರೆ.

ತೀರ್ಮಾನ ಬರುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ಎರಡರಿಂದ ಒಂಬತ್ತು ವರ್ಷದ ೬೫ ಮಕ್ಕಳೊಡನೆ ನಡೆದ ಪ್ರಯೋಗವೊಂದರ ಫಲಿತಾಂಶ ೨೦೧೬ರಲ್ಲಿ ಅಚ್ಚಾಯಿತು. ಅಲ್ಲಿ ಕಲಿಸಿದವರು ಮನೋವೈದ್ಯರಲ್ಲ. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆರು ತಿಂಗಳಲ್ಲಿ ಹನ್ನೆರಡು ಭೇಟಿ. ತಾಯಿ ಮಗುವಿನೊಡನೆ ಆಡುವುದನ್ನು ಚಿತ್ರೀಕರಿಸಿ, ಅದನ್ನು ತಾಯಿಗೇ ತೋರಿಸಿ, ಮಗು ತಾನಾಗಿ ಏನನ್ನೋ ಹೇಳಹೊರಟ ಗಳಿಗೆ ಯಾವುದು, ಆಗ ಆಕೆ ಏನು ಮಾಡಿದಳು ಎಂಬುದನ್ನು ಇಬ್ಬರೂ ಕೂಡಿ ಹುಡುಕುತ್ತಿದ್ದರು. ಮಗುವಿನ ಆಸಕ್ತಿಯನ್ನು ಅನುಸರಿಸಿ ನಡೆಯುವ ರೀತಿ ತಾಯಂದಿರಲ್ಲಿ ಹೆಚ್ಚಿತು. ಮಕ್ಕಳು ತಾವಾಗಿ ಸಂಪರ್ಕಕ್ಕೆ ತೊಡಗುವುದೂ ಹೆಚ್ಚಿತು. ನನ್ನ ಮಿತ್ರರ ಮನೆಯಲ್ಲಿ ಈಗ ಮಗಳು ಗಾಲಿ ತಿರುಗಿಸುವಾಗ ಅದನ್ನು ಕಿತ್ತುಕೊಳ್ಳುವುದಿಲ್ಲ. ಅವಳಣ್ಣ, ಎಂಟನೆಯ ತರಗತಿಯ ಹುಡುಗ, ಇನ್ನೊಂದು ಗಾಲಿ ಹಿಡಿದು ಎದುರಿಗೆ ಕೂಡುತ್ತಾನೆ, ತಾನೂ ತಿರುಗಿಸುತ್ತಾನೆ, ನಡುವೆ ಒಮ್ಮೆ ನಿಲ್ಲಿಸಿ ಕಾಯುತ್ತಾನೆ. ಆ ಪುಸ್ತಕದಲ್ಲಿ ಈಗ ಬರೆಯುವವನು ಅವನೇ.